ನಾಲ್ಕು ಅಳತೆಗಳೂ ಐದು ಸಂಖ್ಯೆಗಳೂ

ಮನೆಗೆ ಬರುವ ಪ್ರಗತಿಪತ್ರದಲ್ಲಿ ತರಗತಿಯ ಸರಾಸರಿಯನ್ನು ಕಾಣಿಸಿದ್ದರೆ ತಾಯಿತಂದೆಗಳ ದೃಷ್ಟಿಯು ಮೊದಲು ಅಲ್ಲಿಗೇ ಹೋಗುವುದು ಸಹಜ. ಆ ಒಂದು ಸಂಖ್ಯೆಯು ಎಷ್ಟನ್ನು ತಿಳಿಸುವುದು, ಎಷ್ಟನ್ನು ಮರೆಮಾಡುವುದು ಎಂಬುದನ್ನು ಒಂದು ಸಣ್ಣ ಲೆಕ್ಕದ ಮೂಲಕ ಇಲ್ಲಿ ತೋರಿಸಬಯಸುತ್ತೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯರು ಕಾಗದವನ್ನೂ ಸೀಸದಕಡ್ಡಿಯನ್ನೂ ಹಿಡಿದು ನಮ್ಮ ಸಂಗಡ ಲೆಕ್ಕವನ್ನು ಮಾಡುವರೆಂದು ನಂಬುತ್ತೇವೆ.

ಮೊದಲು ನಾಲ್ಕು ಪದಗಳ ಅರ್ಥವನ್ನು ನೆನಪಿಗೆ ತಂದುಕೊಳ್ಳೋಣ. ಸಂಖ್ಯೆಗಳನ್ನೆಲ್ಲ ಕೂಡಿಸಿ, ಅವು ಎಷ್ಟಿವೆಯೋ ಅಷ್ಟರಿಂದ ಭಾಗಿಸಿದರೆ ಬರುವುದು ಸರಾಸರಿ. ಅವುಗಳನ್ನು ಏರುವ ಕ್ರಮದಲ್ಲಿ ಬರೆದಾಗ ನಟ್ಟನಡುವೆ ನಿಲ್ಲುವುದು ಮಧ್ಯಾಂಕ. ಸಂಖ್ಯೆಗಳು ಐದಿದ್ದರೆ ಅದು ಮೂರನೆಯದು. ಮಿಕ್ಕೆಲ್ಲವುಗಳಿಗಿಂತ ಹೆಚ್ಚು ಸಲ ಬರುವುದು ಬಹುಲಕ. ಇದನ್ನು ರೂಢಿಬೆಲೆ ಎಂದೂ ಕರೆಯುವರು. ಅತ್ಯಧಿಕ ಸಂಖ್ಯೆಯಿಂದ ಅತ್ಯಲ್ಪ ಸಂಖ್ಯೆಯನ್ನು ಕಳೆದರೆ ಉಳಿಯುವುದು ವ್ಯಾಪ್ತಿ. ಸಂಖ್ಯೆಗಳು ಕೈಯಲ್ಲಿರುವಾಗ ಈ ನಾಲ್ಕನ್ನು ಕಂಡುಹಿಡಿಯುವುದು ಸುಲಭ. ನಾಲ್ಕನ್ನು ಕೊಟ್ಟು ಸಂಖ್ಯೆಗಳನ್ನು ಕೇಳಿದರೆ ಮಾತ್ರ ಯೋಚನೆ ಬೇಕಾಗುವುದು.

ಐವರು ಬಾಲಿಕೆಯರಿಗೆ 10 ಅಂಕಗಳ ಒಂದು ಪರೀಕ್ಷೆ ನಡೆಯಿತೆಂದು ಭಾವಿಸೋಣ, ಅಂಕಗಳೆಲ್ಲವೂ ಪೂರ್ಣಸಂಖ್ಯೆಗಳು. ಸರಾಸರಿ 6, ಮಧ್ಯಾಂಕ 7, ಬಹುಲಕ 8, ವ್ಯಾಪ್ತಿ 6. ಹಾಗಾದರೆ ಅವರ ಅಂಕಗಳು ಯಾವುವು? ಮೂರನೆಯ ಸ್ಥಾನದಲ್ಲಿ 7 ಎಂಬುದು ಸ್ಪಷ್ಟ. ಬಹುಲಕವಾದ 8 ಕನಿಷ್ಠಪಕ್ಷ ಎರಡು ಸಲ ಬರಲೇಬೇಕು. ಅದು 7ಕ್ಕಿಂತ ದೊಡ್ಡದಾದುದರಿಂದ ನಾಲ್ಕನೆಯದೂ ಐದನೆಯದೂ 8. ವ್ಯಾಪ್ತಿಯು 6 ಆದುದರಿಂದ ಮೊದಲನೆಯದು 2. ಸರಾಸರಿಯು 6 ಎಂದರೆ ಐದರ ಮೊತ್ತ 30. ತಿಳಿದಿರುವ ನಾಲ್ಕರ ಮೊತ್ತ 25. ಆದಕಾರಣ ಉಳಿದುದು 5. ಉತ್ತರವು 2, 5, 7, 8, 8. ಬೇರೆ ಉತ್ತರವಿಲ್ಲ.

ಈ ಉತ್ತರವನ್ನು ಸ್ವಲ್ಪ ನಿಂತು ನೋಡಬೇಕು. ಐವರಲ್ಲಿ ಮೂವರು ಸರಾಸರಿಗಿಂತ ಮೇಲಿದ್ದಾರೆ. 7 ಅಂಕ ಪಡೆದವಳು ಸರಾಸರಿಯನ್ನು ದಾಟಿದರೂ ತರಗತಿಯಲ್ಲಿ ನಡುವಿನವಳೇ. ಕೆಳಗಿನ 2 ಸರಾಸರಿಯನ್ನು ಜಗ್ಗಿಬಿಟ್ಟಿದೆ. ಮಧ್ಯಾಂಕವಾದರೋ ಅದರಿಂದ ಕದಲಿಲ್ಲ.

ಇದೇ ತರಗತಿಯಲ್ಲಿ ಬೇರೆ ಮೂರು ಅಳತೆಗಳು ಹಾಗೆಯೇ ಇದ್ದು ಸರಾಸರಿಯು 7 ಎಂದು ಯಾರಾದರೂ ಬರೆದರೆ? ಆಗ ಮೊತ್ತವು 35 ಆಗಬೇಕು, ಎರಡನೆಯ ಸಂಖ್ಯೆಯು 10 ಆಗಬೇಕು. ಮೂರನೆಯದು 7 ಆಗಿರಲು ಎರಡನೆಯದು 10 ಆಗುವುದೆಂತು? ಪಟ್ಟಿಯನ್ನು ಕಣ್ಣಾರೆ ನೋಡದೆಯೇ ಆ ಬರವಣಿಗೆ ತಪ್ಪೆಂದು ಹೇಳಬಹುದು. ಅಚ್ಚಾದ ಸಂಖ್ಯೆಯನ್ನೂ ಪರೀಕ್ಷಿಸಬಹುದೆಂಬ ಧೈರ್ಯವನ್ನು ಈ ಲೆಕ್ಕವು ನಮ್ಮ ಹುಡುಗಿಯರಿಗೆ ಕೊಡುತ್ತದೆ.

ಇನ್ನು ಎರಡನೆಯ ಪ್ರಶ್ನೆ. ಅದೇ 10 ಅಂಕಗಳ ಪರೀಕ್ಷೆ, ಐವರೇ. ಸರಾಸರಿ, ಮಧ್ಯಾಂಕ, ಬಹುಲಕ ಮೂರೂ 6, ವ್ಯಾಪ್ತಿ 8. ಅತ್ಯಧಿಕವು 10ನ್ನು ಮೀರಲಾರದಾದುದರಿಂದ ಅತ್ಯಲ್ಪವು 0, 1, 2 ಇವುಗಳಲ್ಲಿ ಒಂದು. ನಡುವಿನ ಮೂರರಲ್ಲಿ ಎರಡಾದರೂ 6 ಇರಬೇಕು. 0ಯಿಂದ ಆರಂಭಿಸಿದರೆ ಅತ್ಯಧಿಕವು 8. ಮೊತ್ತವನ್ನು ತುಂಬಲು ಉಳಿದ ಸಂಖ್ಯೆಯು 10 ಆಗಬೇಕಾಗಿ, ಲೆಕ್ಕವು ಕೂಡದು. 1ರಿಂದ ಆರಂಭಿಸಿದರೆ 1, 6, 6, 8, 9. 2ರಿಂದ ಆರಂಭಿಸಿದರೆ 2, 6, 6, 6, 10. ಎರಡೂ ಸರಿಯಾದ ಉತ್ತರಗಳೇ.

ನಾಲ್ಕು ಅಳತೆಗಳೂ ಒಂದೇ. ತರಗತಿಗಳು ಮಾತ್ರ ಬೇರೆ. ಒಂದರಲ್ಲಿ ಮೂವರು ಸಮಸಮನಾಗಿ ನಡೆಯುತ್ತಿದ್ದಾರೆ, ಒಬ್ಬಳು ಪೂರ್ಣಾಂಕ ಪಡೆದಿದ್ದಾಳೆ. ಇನ್ನೊಂದರಲ್ಲಿ ಇಬ್ಬರು ಮುಂದೆ ಸಾಗಿದ್ದಾರೆ, ಒಬ್ಬಳು ಒಂದೇ ಅಂಕದೊಡನೆ ಬಹು ಹಿಂದೆ ಉಳಿದಿದ್ದಾಳೆ. ಉಪಾಧ್ಯಾಯಿನಿಯು ಸಂಜೆ ಯಾರನ್ನು ಹತ್ತಿರ ಕೂರಿಸಿಕೊಂಡು, ಎಲ್ಲಿಂದ ಕಲಿಸಬೇಕೆಂಬುದನ್ನು ಆ ನಾಲ್ಕು ಅಳತೆಗಳು ಹೇಳಲಾರವು. ಹೆಸರಿನ ಪಟ್ಟಿಯೇ ಹೇಳಬೇಕು.

ಇದು ಮಕ್ಕಳ ಲೆಕ್ಕಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೊಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು ಹನ್ನೊಂದು ಹನ್ನೊಂದು ಜೋಡಿ ಸಂಖ್ಯೆಗಳುಳ್ಳ ನಾಲ್ಕು ಪಟ್ಟಿಗಳನ್ನು ಪ್ರಕಟಿಸಿದರು. ಅವುಗಳ ಸರಾಸರಿ ಮುಂತಾದ ಅಳತೆಗಳು ಹೆಚ್ಚುಕಡಿಮೆ ಒಂದೇ. ನಕ್ಷೆಯಲ್ಲಿ ಚುಕ್ಕಿಗಳನ್ನಿಟ್ಟು ನೋಡಿದರೆ ನಾಲ್ಕೂ ನಾಲ್ಕು ರೂಪ. ಅಳತೆಯನ್ನು ನಂಬುವ ಮುನ್ನ ಮೂಲವನ್ನು ನೋಡಿರೆಂಬುದೇ ಅವರ ಬೋಧೆ.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಪ್ರಗತಿಪತ್ರವು ಕೈಗೆ ಬಂದಾಗ ಸರಾಸರಿಯನ್ನು ನೋಡಿರಿ, ಅಲ್ಲಿಗೇ ನಿಲ್ಲಬೇಡಿರಿ. ಮಧ್ಯಾಂಕವೆಷ್ಟು, ವ್ಯಾಪ್ತಿಯೆಷ್ಟು ಎಂದು ವಿಚಾರಿಸಿರಿ. ಎಲ್ಲಕ್ಕಿಂತ ಮಿಗಿಲಾಗಿ, ಮಗಳು ಯಾವ ಪ್ರಶ್ನೆಯಲ್ಲಿ ಎಡವಿದಳೆಂಬುದನ್ನು ಅವಳ ಉತ್ತರಪತ್ರಿಕೆಯಲ್ಲಿಯೇ ನೋಡಿರಿ.

ಕೊನೆಗೆ, ತಾಯಿಯೂ ಮಗಳೂ ಕೂಡಿ ಬಿಡಿಸಲು ಒಂದು ಲೆಕ್ಕ. ಐದು ಪೂರ್ಣಸಂಖ್ಯೆಗಳು, ಸರಾಸರಿ 5, ಮಧ್ಯಾಂಕ 4, ಬಹುಲಕ 3, ವ್ಯಾಪ್ತಿ 6. ಉತ್ತರವು ಒಂದೇ. ಅದು ಒಂದೇ ಏಕೆಂಬುದನ್ನು ಮಗಳು ತನ್ನ ಮಾತಿನಲ್ಲಿ ವಿವರಿಸಿದರೆ ಪಾಠವು ಅವಳಿಗೆ ದಕ್ಕಿತೆಂದು ತಿಳಿಯಬಹುದು.