ಕಣಿವೆಯಲ್ಲಿ ಮಳೆ, ಬೆಟ್ಟದಲ್ಲಿ ಹಿಮ: ಮಾರ್ಚ್–ಏಪ್ರಿಲ್‌ನಲ್ಲಿ ಕಾಶ್ಮೀರಕ್ಕೆ ಹೊರಟವರ ಗಮನಕ್ಕೆ

ಮಕ್ಕಳ ಪರೀಕ್ಷೆ ಮುಗಿಸಿಕೊಂಡು ಶ್ರೀನಗರದ ಟುಲಿಪ್ ತೋಟ, ಗುಲ್ಮಾರ್ಗ್, ಸೋನಮಾರ್ಗ್ ನೋಡಲು ಹೊರಡುವ ಕುಟುಂಬಗಳು ಟಿಕೆಟ್ ಮಾಡಿಸುವ ಮೊದಲೇ ಇದನ್ನು ಓದಬೇಕು. ಶ್ರೀನಗರದಲ್ಲಿ ವರ್ಷದ ಅತಿ ಹೆಚ್ಚು ಮಳೆ ಬೀಳುವುದು ಮಾರ್ಚ್ ತಿಂಗಳಲ್ಲಿ. ಆಗ ಮಳೆ ತರುವುದು ನಮ್ಮ ಮುಂಗಾರಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು ಇರಾನ್, ಅಫ್ಗಾನಿಸ್ತಾನ ದಾಟಿ ಬರುವ ಮೋಡದ ವ್ಯವಸ್ಥೆ. ಹವಾಮಾನ ವರದಿಯಲ್ಲಿ ‘ಪಶ್ಚಿಮದ ಅಡಚಣೆ’ ಎನ್ನುವುದು ಇದನ್ನೇ. ಒಂದು ದಾಟಿಹೋದ ಕೆಲವೇ ದಿನಕ್ಕೆ ಇನ್ನೊಂದು ಬರಬಹುದು. ಒಂದೇ ಮೋಡ ಕೆಳಗೆ ಮಳೆ ಸುರಿಸುತ್ತದೆ, ಮೇಲೆ ಹಿಮ ಸುರಿಸುತ್ತದೆ. ಶ್ರೀನಗರದ ಹೋಟೆಲ್ ಕಿಟಕಿಯಿಂದ ಕಂಡದ್ದು ಜಿಟಿಜಿಟಿ ಮಳೆಯೇ ಆದರೂ, ನಾಳೆ ನೀವು ಹತ್ತಬೇಕಿರುವ ಬೆಟ್ಟದ ಮೇಲೆ ಮೊಣಕಾಲುದ್ದ ಹಿಮ ಬಿದ್ದಿರಬಹುದು.

ಮಾಡಬೇಕಾದ್ದು

ಎತ್ತರದ ಲೆಕ್ಕ ಹಾಕಿಯೇ ವರದಿ ಓದಿ. ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಶ್ರೀನಗರ ಇರುವುದು ಸುಮಾರು 1,585 ಮೀಟರ್ ಎತ್ತರದಲ್ಲಿ, ಗುಲ್ಮಾರ್ಗ್ ಸುಮಾರು 2,650ರಲ್ಲಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್. ಶ್ರೀನಗರದಲ್ಲಿ 7 ಡಿಗ್ರಿ ಚಳಿಯಲ್ಲಿ ಮಳೆ ಹನಿಯುತ್ತಿದ್ದರೆ ಗುಲ್ಮಾರ್ಗ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆ. ಅಲ್ಲಿನ ಕೇಬಲ್ ಕಾರಿನ ಎರಡನೇ ಹಂತ ಮುಟ್ಟಿಸುವ ಅಫರ್ವತ್ ಬೆಟ್ಟ 4,000 ಮೀಟರಿಗೆ ಹತ್ತಿರ. ಅಲ್ಲಿ ಸೊನ್ನೆಗಿಂತ ಎಂಟೊಂಬತ್ತು ಡಿಗ್ರಿ ಕೆಳಗೆ. ಹೃದಯದ ತೊಂದರೆ, ಉಬ್ಬಸ ಇರುವ ಹಿರಿಯರು ಅಷ್ಟು ಮೇಲಕ್ಕೆ ಹೋಗುವ ಮುಂಚೆ ಊರಿನಲ್ಲೇ ಡಾಕ್ಟರನ್ನು ಕೇಳಿ.

ಫೋನಿನಲ್ಲಿ ಊರಿನ ಹೆಸರಿನ ಮುಂದೆ ಕಾಣುವ ಮೋಡದ ಚಿತ್ರ ಸಾಲದು. ಶ್ರೀನಗರದ ಹವಾಮಾನ ಕೇಂದ್ರದ ಮುನ್ಸೂಚನೆಯನ್ನು ದಿನವೂ ನೋಡಿ. ಯೆಲ್ಲೋ ಎಂದರೆ ಗಮನವಿಡಿ, ಆರೆಂಜ್ ಎಂದರೆ ಸಿದ್ಧರಾಗಿರಿ, ರೆಡ್ ಎಂದರೆ ಹೊರಗೆ ಹೊರಡಬೇಡಿ. ಹಿಮಕುಸಿತದ ಎಚ್ಚರಿಕೆ ಬೇರೆಯೇ ಬರುತ್ತದೆ. ಚಂಡೀಗಢದಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ ಡಿಜಿಆರ್‌ಇ ಅದನ್ನು ಸಿದ್ಧಪಡಿಸುತ್ತದೆ. ಯಾವ ಜಿಲ್ಲೆ, ಎಷ್ಟು ಮೀಟರಿನ ಮೇಲೆ ಎಂದು ಅದರಲ್ಲಿರುತ್ತದೆ. ನೀವು ಹೋಗುವ ಜಾಗ ಆ ಎತ್ತರಕ್ಕೆ ಸೇರುತ್ತದೆಯೇ ಎಂದು ನೋಡಿಕೊಂಡೇ ಗಾಡಿ ಹತ್ತಿ.

ಹಿಂದಿರುಗುವ ವಿಮಾನಕ್ಕೂ ಕೊನೆಯ ಬೆಟ್ಟದ ಪ್ರವಾಸಕ್ಕೂ ನಡುವೆ ಒಂದು ದಿನ ಖಾಲಿ ಬಿಡಿ, ಎರಡಾದರೆ ಇನ್ನೂ ಒಳ್ಳೆಯದು. ಜಮ್ಮು–ಶ್ರೀನಗರ ಹೆದ್ದಾರಿ ಮಳೆಗೆ ರಾಮಬನ್–ಬನಿಹಾಲ್ ನಡುವೆ ಕುಸಿಯುವುದು ಹೊಸತಲ್ಲ. 2025ರ ಏಪ್ರಿಲ್ 20ರಂದು ರಾಮಬನ್‌ನಲ್ಲಿ ಸುರಿದ ಮಳೆಗೆ ಮಣ್ಣು, ಬಂಡೆ ಹರಿದು ಬಂದು ರಸ್ತೆ ಹಲವು ದಿನ ಮುಚ್ಚಿತ್ತು. 2025ರ ಜೂನ್‌ನಿಂದ ಕಟ್ರಾ–ಶ್ರೀನಗರ ರೈಲು ಓಡುತ್ತಿದೆ, ಆದರೆ ರಸ್ತೆ ಮುಚ್ಚಿದ ದಿನ ಎಲ್ಲರಿಗೂ ಅದರಲ್ಲೇ ಜಾಗ ಬೇಕಾಗುತ್ತದೆ. ಮೋಡ ಕವಿದರೆ ಶ್ರೀನಗರದ ವಿಮಾನವೂ ರದ್ದಾಗಬಹುದು. ನಿತ್ಯದ ಔಷಧಿಯನ್ನು ನಾಲ್ಕು ದಿನಕ್ಕೆ ಹೆಚ್ಚಾಗಿಯೇ ಒಯ್ಯಿರಿ. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು–ಕಾಶ್ಮೀರದಲ್ಲಿ ನಡೆಯುವುದಿಲ್ಲ. ತಂಡದಲ್ಲಿ ಇಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ.

ಬಟ್ಟೆಯ ವಿಚಾರ ಚಿಕ್ಕದು, ಆದರೆ ಮುಖ್ಯ. ಜೀನ್ಸ್ ಪ್ಯಾಂಟು, ಹತ್ತಿ ಬನಿಯನ್ನು ನೆನೆದರೆ ಮೈಯ ಶಾಖವನ್ನೆಲ್ಲ ಹೀರಿಬಿಡುತ್ತವೆ. ಒಳಗೆ ಥರ್ಮಲ್ ಬಟ್ಟೆ, ಮೇಲೆ ನೀರು ತಡೆಯುವ ಜರ್ಕಿನ್ ಬೇಕು. ಗುಲ್ಮಾರ್ಗ್ ಹತ್ತುವ ಮುಂಚೆ ಟಂಗ್ಮಾರ್ಗ್‌ನಲ್ಲಿ ಗಮ್‌ಬೂಟು, ಉದ್ದ ಕೋಟು ಬಾಡಿಗೆಗೆ ಸಿಗುತ್ತವೆ, ತೆಗೆದುಕೊಳ್ಳಿ. ಹೊಸ ಹಿಮ ಬಿದ್ದಿದ್ದರೆ ಅಲ್ಲಿಂದ ಮುಂದಕ್ಕೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯಲ್ಲೇ ಹೋಗಿ.

ಮಾಡಬಾರದ್ದು

ಹಿಮ ನಿಂತು ಬಿಸಿಲು ಬಂದ ಮೊದಲ ದಿನವೇ ಇಳಿಜಾರಿನ ಬುಡಕ್ಕೆ ಹೋಗಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ, ಏಕೆಂದರೆ ಎಲ್ಲರೂ ಕಾಯುವುದು ಆ ನೀಲಿ ಆಕಾಶದ ಬೆಳಗಿಗೇ. ರಾತ್ರಿ ಬಿದ್ದ ಹಿಮ ಕೆಳಗಿನ ಹಳೆಯ ಗಟ್ಟಿ ಪದರಕ್ಕೆ ಇನ್ನೂ ಅಂಟಿಕೊಂಡಿರುವುದಿಲ್ಲ. ಹೊತ್ತೇರಿದಂತೆ ಬಿಸಿಲಿಗೆ ಕರಗಿದ ನೀರು ಒಳಗಿಳಿಯುತ್ತದೆ, ಪದರ ಜಾರುತ್ತದೆ. 30ರಿಂದ 45 ಡಿಗ್ರಿ ಇಳಿಜಾರುಗಳಲ್ಲೇ ಹಿಮಕುಸಿತ ಹೆಚ್ಚು, ನಿಮ್ಮ ಕಣ್ಣಿಗೆ ಮಕ್ಕಳ ಜಾರುಬಂಡೆಗೆ ತಕ್ಕದ್ದೆಂದು ಕಾಣುವುದೂ ಅಂಥವೇ. ಅಫರ್ವತ್‌ನಲ್ಲಿ 2023ರ ಫೆಬ್ರುವರಿಯಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಹೀಗೇ ಹಿಮದಡಿ ಸಿಕ್ಕಿ ಸತ್ತರು. ಗುರುತು ಹಾಕಿದ ಜಾಗ ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡಬೇಡಿ.

‘ಇನ್ನು ಸ್ವಲ್ಪ ಮುಂದೆ’ ಎಂದು ಡ್ರೈವರನ್ನು ಒತ್ತಾಯಿಸಬೇಡಿ, ದುಡ್ಡಿನ ಆಸೆ ತೋರಿಸಬೇಡಿ. 2023ರ ಏಪ್ರಿಲ್ 4ರಂದು ಸಿಕ್ಕಿಮಿನ ನಾಥೂಲಾ ರಸ್ತೆಯಲ್ಲಿ ಹಿಮ ಕುಸಿದು 7 ಪ್ರವಾಸಿಗರು ಸತ್ತರು. ಅಂದು ಪಾಸ್ ಕೊಟ್ಟಿದ್ದದ್ದು 13ನೇ ಮೈಲಿಯವರೆಗೆ ಮಾತ್ರ. ಅವರು ಇದ್ದದ್ದು 15ನೇ ಮೈಲಿಯಲ್ಲಿ. ಪೊಲೀಸರು ಹಗ್ಗ ಕಟ್ಟಿ ನಿಲ್ಲಿಸಿದ ಕಡೆ ಗಾಡಿ ತಿರುಗಿಸಿ. ಪ್ಯಾಕೇಜಿಗೆ ಕೊಟ್ಟ ಹಣ ಹೋಯಿತಲ್ಲ ಎಂಬ ಸಂಕಟ ನಿಜವೇ, ಆದರೆ ಅಲ್ಲಿ ಅದಕ್ಕೆ ಬೆಲೆ ಕೊಡಬೇಡಿ.

ಹೊಳೆಯ ಮೇಲೆ ಮುಚ್ಚಿಕೊಂಡ ಹಳೆಯ ಹಿಮದ ಮೇಲೆ ನಿಲ್ಲಬೇಡಿ. ವಸಂತದಲ್ಲಿ ಅಡಿಯಿಂದ ನೀರು ಕೊರೆಯುತ್ತಿರುತ್ತದೆ. ಮೇಲೆ ಗಟ್ಟಿ, ಒಳಗೆ ಪೊಳ್ಳು.

ಮಳೆಯಲ್ಲಿ ಘಟ್ಟದ ರಸ್ತೆಬದಿ ಫೋಟೊಗೆಂದು ಇಳಿಯಬೇಡಿ. ಒಂದೆರಡು ಚಿಕ್ಕ ಕಲ್ಲು ಉರುಳಿ ಬಂದಿದ್ದರೆ ಹಿಂದೆ ದೊಡ್ಡದಿದೆ ಎಂದೇ ತಿಳಿಯಿರಿ. ಕೆಂಪಾಗಿ ಹರಿಯುವ ನದಿಯಲ್ಲಿ ದೋಣಿ ಹತ್ತಬೇಡಿ. 2024ರ ಏಪ್ರಿಲ್ 16ರಂದು, ದಿನಗಟ್ಟಲೆ ಮಳೆ ಸುರಿದು ತುಂಬಿ ಬಂದಿದ್ದ ಝೇಲಂ ನದಿಯಲ್ಲಿ, ಶ್ರೀನಗರದ ಗಂಡಬಲ್ ಬಳಿ ದೋಣಿ ಮಗುಚಿ ಶಾಲೆಗೆ ಹೊರಟಿದ್ದ ಮಕ್ಕಳೂ ಜೀವ ಕಳೆದುಕೊಂಡರು. ಅವರು ಆ ನದಿಯ ದಡದಲ್ಲೇ ಬದುಕುವ ಜನ. ದಾಲ್ ಸರೋವರದ ಶಿಕಾರಾದಲ್ಲೂ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಗಾಳಿ ಎದ್ದರೆ ಹತ್ತಲೇಬೇಡಿ.

ರಾತ್ರಿ ಬುಖಾರಿ ಒಲೆ ಉರಿಸಿಟ್ಟು ಬಾಗಿಲು ಕಿಟಕಿ ಬಿಗಿದು ಮಲಗಬೇಡಿ. ಕೆಂಡ ತುಂಬಿದ ಕುಡಿಕೆ ಕಾಂಗ್ರಿಯನ್ನು ಕಂಬಳಿಯೊಳಗೆ ಇಟ್ಟುಕೊಳ್ಳಬೇಡಿ. ಹೊಗೆಯಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಹಿಮದಲ್ಲಿ ಕಾರು ಸಿಕ್ಕಿಕೊಂಡರೂ ಇದೇ ಅಪಾಯ: ಮೊದಲು ಇಳಿದು ಸೈಲೆನ್ಸರ್ ಸುತ್ತಲಿನ ಹಿಮ ತೆಗೆಯಿರಿ, ಆಮೇಲೆ ಎಂಜಿನ್ ಹಾಕಿ, ಅದೂ ಸ್ವಲ್ಪ ಹೊತ್ತು, ಒಂದು ಗಾಜು ಇಳಿಸಿಕೊಂಡು.

ಬೇಸಿಗೆ ಬಂತಲ್ಲ, ಇನ್ನೇನು ಎನ್ನಬೇಡಿ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಹವೆ ಕೆಟ್ಟು, ಹಿಮಗಾಳಿಗೆ ಸಿಕ್ಕಿ, ಕರ್ನಾಟಕದಿಂದ ಹೊರಟ ತಂಡದ 9 ಮಂದಿ ತೀರಿಕೊಂಡರು. ಅವರಲ್ಲಿ ಹಲವರಿಗೆ ಬೆಟ್ಟ ಹೊಸದಲ್ಲ.

ಊರಿನಲ್ಲಿರುವವರಿಗೂ ಒಂದು ಮಾತು. ಮಗ, ಸೊಸೆ ಫೋನ್ ಮಾಡಿ ‘ಇವತ್ತು ಮೇಲೆ ಹೋಗಲಿಲ್ಲ, ಹೋಟೆಲಿನಲ್ಲೇ ಇದ್ದೇವೆ’ ಎಂದರೆ, ‘ಅಷ್ಟು ದೂರ ಹೋಗಿ ನೋಡದೆ ಬರುತ್ತೀರಾ’ ಎನ್ನಬೇಡಿ. ‘ಒಳ್ಳೆಯದಾಯಿತು’ ಎನ್ನಿ. ಅಲ್ಲಿರುವವರು ಹೋಟೆಲಿನ ಹೆಸರು, ಗಾಡಿಯ ನಂಬರು, ಡ್ರೈವರನ ಫೋನ್ ನಂಬರನ್ನು ಮನೆಗೆ ಕಳಿಸಿಡಿ. ತುರ್ತು ಕರೆಗೆ ಅಲ್ಲೂ 112.