ಮಾದರಿ ಕಾರಿನ ಬಾಲ್ ಡಿಫರೆನ್ಷಿಯಲ್: ಬಿಗಿ ಮತ್ತು ನಯ

ವಾಹನವೊಂದು ತಿರುವಿನಲ್ಲಿ ಸಾಗುವಾಗ ಅದರ ಹೊರಬದಿಯ ಚಕ್ರವು ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರವನ್ನು ಕ್ರಮಿಸಬೇಕಾಗುತ್ತದೆ. ಎರಡು ಚಕ್ರಗಳನ್ನೂ ಒಂದೇ ಅಚ್ಚಿಗೆ ಬಿಗಿದಿದ್ದಲ್ಲಿ ಅವುಗಳಲ್ಲೊಂದು ನೆಲವನ್ನು ಉಜ್ಜುತ್ತ ಜಾರಲೇಬೇಕು. ಈ ತೊಡಕನ್ನು ನಿವಾರಿಸುವ ಸಾಧನವೇ ಡಿಫರೆನ್ಷಿಯಲ್. ಲಾರಿ, ಬಸ್ಸುಗಳ ಹಿಂದಿನ ಅಚ್ಚಿನ ನಡುವೆ ಉಬ್ಬಿಕೊಂಡಿರುವ ಕಬ್ಬಿಣದ ಗೂಡಿನೊಳಗೆ ಇರುವುದು ಇದೇ. ರೇಡಿಯೋ ನಿಯಂತ್ರಣದಿಂದ ಓಡುವ ಪುಟ್ಟ ಪಂದ್ಯದ ಕಾರುಗಳಿಗೂ ಇದು ಅತ್ಯಗತ್ಯ.

ಒಂದು ಲೆಕ್ಕವನ್ನು ನೋಡಬಹುದು. ನಿಜವಾದ ಕಾರಿನ ಹತ್ತನೆಯ ಒಂದು ಭಾಗದಷ್ಟಿರುವ ಮಾದರಿಯಲ್ಲಿ ಎರಡು ಹಿಂಚಕ್ರಗಳ ನಡುವಣ ಅಂತರ 20 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಕಾರು ಒಂದು ಪೂರ್ಣ ವೃತ್ತವನ್ನು ಸುತ್ತಿದಾಗ ಹೊರಚಕ್ರವು ಒಳಚಕ್ರಕ್ಕಿಂತ 2 × 3.14 × 20, ಅಂದರೆ ಸುಮಾರು 126 ಸೆಂ.ಮೀ. ಹೆಚ್ಚು ಓಡಿರುತ್ತದೆ. ವೃತ್ತವು ದೊಡ್ಡದಿರಲಿ, ಚಿಕ್ಕದಿರಲಿ, ಈ ವ್ಯತ್ಯಾಸ ಬದಲಾಗುವುದಿಲ್ಲವೆಂಬುದು ಗಮನಾರ್ಹ. ಚಕ್ರದ ವ್ಯಾಸ 8.5 ಸೆಂ.ಮೀ. ಆದರೆ, ಹೊರಚಕ್ರವು ನಾಲ್ಕೂವರೆ ಸುತ್ತಿಗಿಂತಲೂ ಹೆಚ್ಚು ತಿರುಗಬೇಕಾಯಿತು. ಓಟದ ಪಥದಲ್ಲಿ ಬರುವ ಒಂದೊಂದು ತಿರುವಿನಲ್ಲೂ ಡಿಫರೆನ್ಷಿಯಲ್ ಎಷ್ಟು ದುಡಿಯುತ್ತದೆಂಬುದು ಇದರಿಂದ ವಿದಿತವಾಗುತ್ತದೆ.

ದೊಡ್ಡ ಕಾರುಗಳಲ್ಲಿ ಈ ಕೆಲಸವನ್ನು ಹಲ್ಲುಚಕ್ರಗಳು ಮಾಡುತ್ತವೆ. ಮಾದರಿ ಕಾರುಗಳಲ್ಲಿಯೂ ಹಲ್ಲುಚಕ್ರಗಳ ಡಿಫರೆನ್ಷಿಯಲ್‌ಗಳುಂಟು. ಆದರೆ ಹಗುರವಾದ ಪಂದ್ಯದ ಕಾರುಗಳಿಗೆಂದು ಬೇರೊಂದು ವಿಧಾನವೂ ರೂಢಿಗೆ ಬಂದಿತು. ಇಂಗ್ಲೆಂಡಿನ ಸೆಸಿಲ್ ಶೂಮಾಕರ್ ಅವರು 1980ರಲ್ಲಿ ಆರಂಭಿಸಿದ ಸಂಸ್ಥೆಯ ಹೆಸರು ಇದರೊಡನೆ ಬೆಸೆದುಕೊಂಡಿದೆ. ಇದೇ ಬಾಲ್ ಡಿಫರೆನ್ಷಿಯಲ್.

ಇದರ ರಚನೆ ಸರಳವಾದುದು. ಮೋಟಾರಿನ ಶಕ್ತಿಯನ್ನು ಪಡೆಯುವ ಹಲ್ಲುಚಕ್ರವೊಂದರ ಮೈಯಲ್ಲಿ ವರ್ತುಲಾಕಾರವಾಗಿ ರಂಧ್ರಗಳಿರುತ್ತವೆ. ಒಂದೊಂದು ರಂಧ್ರದಲ್ಲೂ ಒಂದು ಪುಟ್ಟ ಗುಂಡು ಕುಳಿತಿರುತ್ತದೆ. ಗುಂಡಿನ ವ್ಯಾಸವು ಸಾಮಾನ್ಯವಾಗಿ 2.4 ಮಿ.ಮೀ. ಇದ್ದು, ಅದು ಚಕ್ರದ ಎರಡು ಬದಿಗೂ ತುಸು ಹೊರಚಾಚಿರುತ್ತದೆ. ಆ ಬದಿಗೊಂದು ಈ ಬದಿಗೊಂದು ಉಕ್ಕಿನ ಬಳೆಗಳು ಗುಂಡುಗಳನ್ನು ಒತ್ತಿ ಹಿಡಿದಿರುತ್ತವೆ. ಎಡ ಬಳೆಯು ಎಡ ಚಕ್ರಕ್ಕೂ ಬಲ ಬಳೆಯು ಬಲ ಚಕ್ರಕ್ಕೂ ಸೇರಿದುದು. ನಡುವೆ ಹಾಯ್ದ ತಿರುಪು ಮತ್ತು ಅದರ ತುದಿಯ ಸ್ಪ್ರಿಂಗು ಇವೆಲ್ಲವನ್ನೂ ಒಟ್ಟಾಗಿ ಬಿಗಿದಿರುತ್ತವೆ.

ಕಾರು ನೇರವಾಗಿ ಓಡುವಾಗ ಗುಂಡುಗಳು ಉರುಳುವುದಿಲ್ಲ; ಘರ್ಷಣೆಯ ಬಲದಿಂದ ಎರಡೂ ಬಳೆಗಳನ್ನು ತಮ್ಮೊಡನೆ ಕೊಂಡೊಯ್ಯುತ್ತವೆ. ತಿರುವು ಬಂದೊಡನೆ ಗುಂಡುಗಳು ತಮ್ಮ ರಂಧ್ರಗಳಲ್ಲಿಯೇ ಉರುಳತೊಡಗುತ್ತವೆ. ಆಗ ಒಂದು ಬಳೆ ಎಷ್ಟು ಮುಂದಾಗುತ್ತದೆಯೋ ಇನ್ನೊಂದು ಅಷ್ಟೇ ಹಿಂದಾಗುತ್ತದೆ. ಗುಂಡು ಬಳೆಯ ಮೇಲೆ ಉರುಳಬೇಕು, ಆದರೆ ಜಾರಬಾರದು. ಸಾಧನದ ಮರ್ಮವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಹೊಸಬರು ಎಡವುವುದು ಇಲ್ಲಿಯೇ. ಡಿಫರೆನ್ಷಿಯಲ್ ಒರಟಾಗಿ ತಿರುಗುತ್ತಿದೆಯೆಂದು ಅವರು ತಿರುಪನ್ನು ಸಡಿಲಿಸುತ್ತಾರೆ. ಕೈಗೆ ನಯವೆನಿಸುತ್ತದೆ, ನಿಜ. ಆದರೆ ಒತ್ತಡ ಕಡಿಮೆಯಾದೊಡನೆ ಘರ್ಷಣೆಯೂ ಕಡಿಮೆಯಾಗಿ, ಕಾರು ವೇಗ ಪಡೆಯುವ ಹೊತ್ತಿಗೆ ಗುಂಡುಗಳು ಜಾರುತ್ತವೆ. ಜಾರಿದಲ್ಲಿ ಶಾಖ ಹುಟ್ಟುತ್ತದೆ. ಬಳೆಗಳಲ್ಲಿ ಗೀರು ಬೀಳುತ್ತದೆ, ಗುಂಡುಗಳು ದುಂಡುತನ ಕಳೆದುಕೊಳ್ಳುತ್ತವೆ, ಪ್ಲಾಸ್ಟಿಕ್ಕಿನ ಹಲ್ಲುಚಕ್ರ ಕರಗುವುದೂ ಉಂಟು. ಒರಟುತನಕ್ಕೆ ಕಾರಣ ಬಿಗಿಯಲ್ಲ. ಕೊಳೆ, ಸವೆತ ಮತ್ತು ಸಮತಟ್ಟಲ್ಲದ ಮೇಲ್ಮೈ. ಆದುದರಿಂದ ಪರಿಹಾರವನ್ನು ತಿರುಪಿನಲ್ಲಿ ಹುಡುಕದೆ ಬಳೆ, ಗುಂಡುಗಳಲ್ಲಿ ಹುಡುಕಬೇಕು.

ಮೊದಲು ಸಾಧನವನ್ನು ಬಿಳಿಯ ಬಟ್ಟೆಯ ಮೇಲೆ ಬಿಚ್ಚಿಕೊಳ್ಳಬೇಕು. ಗುಂಡುಗಳು ಕಳೆದುಹೋಗಲು ಕ್ಷಣ ಸಾಕು. ಹಳೆಯ ಗ್ರೀಸನ್ನು ಸ್ಪಿರಿಟ್ಟಿನಿಂದ ತೊಳೆದು ಪ್ರತಿಯೊಂದು ಭಾಗವನ್ನೂ ಒಣಗಿಸಬೇಕು. ಬಳೆಯ ಮೇಲೆ ಗುಂಡುಗಳು ಓಡಿದ ಹಾದಿ ಕಾಣುತ್ತದೆ. ಅದು ಉಗುರಿಗೆ ತಗಲುವಷ್ಟು ಆಳವಾಗಿದ್ದರೆ ಬಳೆಯನ್ನು ಮಗುಚಿ ಹಾಕಬಹುದು. ಎರಡು ಮುಖವೂ ಸವೆದಿದ್ದರೆ ಹೊಸದೇ ಬೇಕು. ಸವೆತ ಅಲ್ಪವಾಗಿದ್ದರೆ, ದಪ್ಪ ಗಾಜಿನ ಮೇಲೆ 600ನೆಯ ನಂಬರಿನ ವಾಟರ್ ಪೇಪರನ್ನು ಹರಡಿ, ನೀರು ಚಿಮುಕಿಸಿ, ಬಳೆಯನ್ನು ಇಂಗ್ಲಿಷಿನ 8ರ ಅಂಕಿಯಂತೆ ಹಗುರವಾಗಿ ಉಜ್ಜಬೇಕು. ಬಳಿಕ 1000ನೆಯ ನಂಬರಿನದರಿಂದ ಮುಗಿಸಬೇಕು. ಗಾಜಿನ ಸಮತಲವು ಬಳೆಗೂ ಬರುತ್ತದೆ. 8ರ ಚಲನೆಯಿಂದ ಒಂದೇ ಬದಿ ಸವೆಯುವುದು ತಪ್ಪುತ್ತದೆ.

ಗುಂಡುಗಳನ್ನು ಬದಲಿಸುವುದಾದರೆ ಎಲ್ಲವನ್ನೂ ಒಮ್ಮೆಗೇ ಬದಲಿಸುವುದು ಲೇಸು. ಹಳೆಯವುಗಳ ನಡುವೆ ಹೊಸದೊಂದನ್ನು ಇಟ್ಟರೆ ಅದು ಕೂದಲೆಳೆಯಷ್ಟು ದೊಡ್ಡದಾಗಿದ್ದು, ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ. ಉಕ್ಕಿನ ಗುಂಡುಗಳಿಗಿಂತ ಟಂಗ್‌ಸ್ಟನ್ ಕಾರ್ಬೈಡಿನವು ಹೆಚ್ಚು ಗಡುಸು; ಬಹುಕಾಲ ದುಂಡಾಗಿಯೇ ಉಳಿಯುತ್ತವೆ. ಹಗುರವಾದ ಸೆರಾಮಿಕ್ ಗುಂಡುಗಳೂ ಬಳಕೆಯಲ್ಲಿವೆ.

ಗ್ರೀಸಿನ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಗುಂಡು ಮತ್ತು ಬಳೆಗಳಿಗೆ ಈ ಕೆಲಸಕ್ಕೆಂದೇ ಮಾಡಿದ ಸಿಲಿಕೋನ್ ಗ್ರೀಸನ್ನು ಅಲ್ಪವಾಗಿ ಹಚ್ಚಬೇಕು. ಅದು ಸವೆತವನ್ನು ತಡೆದರೂ ಹಿಡಿತವನ್ನು ಉಳಿಸುತ್ತದೆ. ತಿರುಪಿನ ತುದಿಯಲ್ಲಿ ಥ್ರಸ್ಟ್ ಬೇರಿಂಗೆಂಬ ಇನ್ನೊಂದು ಪುಟ್ಟ ಭಾಗವಿದೆ. ಸ್ಪ್ರಿಂಗಿನ ಒತ್ತಡವೆಲ್ಲ ಅದರ ಮೇಲಿರುವುದರಿಂದ ಅದಕ್ಕೆ ಮಾಲಿಬ್ಡಿನಮ್ ಬೆರೆತ, ಜಾರುವ ಕಪ್ಪು ಗ್ರೀಸು ಬೇಕು. ಒಂದೆಡೆ ಹಿಡಿತ, ಇನ್ನೊಂದೆಡೆ ಜಾರಿಕೆ. ಕಪ್ಪು ಗ್ರೀಸು ಗುಂಡುಗಳಿಗೆ ತಗಲಿದರೆ ಡಿಫರೆನ್ಷಿಯಲ್ ಜಾರುತ್ತದೆ. ಬಳೆ, ಗುಂಡುಗಳೆಲ್ಲ ಸರಿಯಿದ್ದೂ ಒರಟುತನ ಉಳಿದರೆ ಈ ಬೇರಿಂಗನ್ನು ಪರೀಕ್ಷಿಸತಕ್ಕದ್ದು. ಎಷ್ಟೋ ವೇಳೆ ದೋಷವಿರುವುದು ಅಲ್ಲಿಯೇ.

ಜೋಡಿಸುವಾಗ ತಿರುಪನ್ನು ಒಮ್ಮೆಗೇ ಬಿಗಿಯಲಾಗದು. ತುಸು ಬಿಗಿದು, ಎರಡು ಬದಿಗಳನ್ನೂ ವಿರುದ್ಧ ದಿಕ್ಕಿಗೆ ತಿರುಗಿಸಿ, ಮತ್ತೆ ತುಸು ಬಿಗಿಯಬೇಕು. ಸ್ಪ್ರಿಂಗು ಪೂರ್ತಿ ಒತ್ತಿಕೊಂಡ ಬಳಿಕ ಸುತ್ತಿನ ಎಂಟನೆಯ ಒಂದು ಭಾಗದಷ್ಟು ಹಿಂದೆ ಸಡಿಲಿಸುವುದು ವಾಡಿಕೆ. ನಂತರ ಎರಡೂ ಬದಿಯ ಸೀಳುಗಳಿಗೆ ಕಂಬಿಗಳನ್ನು ತೂರಿಸಿ ಕದಲದಂತೆ ಹಿಡಿದು, ನಡುವಣ ಹಲ್ಲುಚಕ್ರವನ್ನು ಹೆಬ್ಬೆರಳಿನಿಂದ ತಿರುಗಿಸಲು ಯತ್ನಿಸಬೇಕು. ಅದು ಸುಲಭವಾಗಿ ಜಾರಿದರೆ ಬಿಗಿ ಸಾಲದು. ಕಾರಿನಲ್ಲಿ ಸ್ಲಿಪ್ಪರ್ ಕ್ಲಚ್ ಇದ್ದಲ್ಲಿ, ಹಠಾತ್ ಬಲ ಬಿದ್ದಾಗ ಮೊದಲು ಜಾರಬೇಕಾದುದು ಆ ಕ್ಲಚ್ಚೇ ಹೊರತು ಡಿಫರೆನ್ಷಿಯಲ್ ಅಲ್ಲ.

ಕೊನೆಯದಾಗಿ, ಹೊಸದಾಗಿ ಜೋಡಿಸಿದ ಸಾಧನಕ್ಕೆ ಪಳಗುವ ಅವಕಾಶ ನೀಡಬೇಕು. ಹಿಂಚಕ್ರಗಳನ್ನು ನೆಲದಿಂದ ಎತ್ತಿ, ಒಂದನ್ನು ಕೈಯಲ್ಲಿ ಹಿಡಿದು, ಮೋಟಾರನ್ನು ಅತಿ ನಿಧಾನವಾಗಿ ಕೆಲವು ಕ್ಷಣ ಓಡಿಸಬೇಕು. ಬಳಿಕ ಇನ್ನೊಂದನ್ನು ಹಿಡಿದು ಹಾಗೆಯೇ ಮಾಡಬೇಕು. ಹಿಡಿದ ಚಕ್ರ ನಿಂತಾಗ ಇನ್ನೊಂದು ಇಮ್ಮಡಿ ವೇಗದಲ್ಲಿ ತಿರುಗುವುದರಿಂದ ಬೆರಳುಗಳ ಬಗ್ಗೆ ಜಾಗ್ರತೆ ಇರಲಿ. ಗುಂಡುಗಳು ತಮ್ಮ ಹಾದಿಯಲ್ಲಿ ನೆಲೆಗೊಂಡಂತೆ ಬಿಗಿ ಸ್ವಲ್ಪ ಕಡಿಮೆಯಾಗಿರುತ್ತದೆ. ಅದನ್ನು ಮತ್ತೆ ಸರಿಪಡಿಸಿಯೇ ಕಾರನ್ನು ಪಥಕ್ಕೆ ಇಳಿಸಬೇಕು.

ಬಿಗಿ ಮತ್ತು ನಯ ಒಂದಕ್ಕೊಂದು ವಿರೋಧಿಗಳೆಂಬ ಭಾವನೆ ಸಹಜವಾದುದೇ. ಆದರೆ ಮೇಲ್ಮೈ ಸಮತಟ್ಟಾಗಿ ಶುಚಿಯಾಗಿದ್ದಲ್ಲಿ ಅವೆರಡೂ ಒಂದೆಡೆ ನೆಲೆಸಬಲ್ಲವು. ಗುಂಡು ಜಾರದೆ ಉರುಳುವುದು ಅಂತಹ ಕಡೆಯಲ್ಲಿಯೇ.