ದಿನದ ಚಿಂತನೆ: ಅವ್ವನ ಕೌದಿ, ಆನಂದರ ಚೀವರ





ಏಳನೇ ತರಗತಿ ಮುಗಿಸಿ ಧಾರವಾಡದ ಹಾಸ್ಟೆಲ್ಲಿಗೆ ಬಂದಾಗ ಅವ್ವ ನನ್ನ ಟ್ರಂಕಿನಲ್ಲಿ ಒಂದು ಕೌದಿ ಇಟ್ಟಿದ್ದಳು. ನಾನು ಅದನ್ನು ಹೊರಗೆ ತೆಗೆಯಲೇ ಇಲ್ಲ. ಅವ್ವ ಕೂಲಿಗೆ ಹೋಗುತ್ತಿದ್ದ ಮನೆಯವರು ದುಡ್ಡಿನ ಬದಲು ಕೊಟ್ಟ ಹಳೆ ಸೀರೆಗಳು ಅವು ಎಂದು ನನಗೆ ಗೊತ್ತಿತ್ತು. ಆ ಚಳಿಗಾಲವನ್ನು ನಡುಗುತ್ತಲೇ ಕಳೆದೆ.

ಕೌದಿ ನಮ್ಮ ಭಾಗದ ಹೆಣ್ಣುಮಕ್ಕಳ ಕಲೆ. ಹರಿದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಕೈಯಿಂದ ಸಾಲು ಸಾಲಾಗಿ ಹೊಲಿಯುತ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಮೂಲೆಗಳಿಗೆ 'ಫುಲಾ', ಅಂದರೆ ಮಡಚಿದ ಬಟ್ಟೆಯ ಹೂ ಹೊಲಿಯುತ್ತಾರೆ. ಬಟ್ಟೆ ತಿಪ್ಪೆಗೆ ಹೋಗುವುದಿಲ್ಲ, ಹೊದಿಕೆಯಾಗುತ್ತದೆ.

ವಿನಯಪಿಟಕದಲ್ಲಿ ಇದೇ ಕಥೆಯಿದೆ. ಆನಂದರಿಗೆ 500 ಚೀವರಗಳ ದಾನ ಬಂತು. ಇಷ್ಟೊಂದು ಏಕೆ ಎಂದು ರಾಜ ಉದಯನ ಕೇಳಿದ. ಚೀವರ ಹರಿದ ಭಿಕ್ಖುಗಳಿಗೆ ಹಂಚುತ್ತೇವೆ ಎಂದರು ಆನಂದರು. ಹಾಗಾದರೆ ಹಳೆಯವು? ಮೇಲುಹಾಸು ಮಾಡುತ್ತೇವೆ. ಅದೂ ಹಳೆಯದಾದರೆ ಹಾಸಿಗೆಯ ಹೊದಿಕೆ, ಆಮೇಲೆ ನೆಲಹಾಸು, ಕಾಲೊರಸು, ಧೂಳೊರಸುವ ಬಟ್ಟೆ. ಕೊನೆಗೆ ಕುಟ್ಟಿ, ಮಣ್ಣಿಗೆ ಕಲಸಿ ನೆಲ ಸಾರಿಸುತ್ತೇವೆ. ಸಂತೋಷಗೊಂಡ ರಾಜ ಇನ್ನೂ 500 ಕೊಟ್ಟ. ಮಗಧದ ಗದ್ದೆಗಳ ಬದುವಿನಂತೆ ತುಂಡು ಜೋಡಿಸಿ ಚೀವರದ ವಿನ್ಯಾಸ ಮಾಡಿದವರೂ ಈ ಆನಂದರೇ.

ಆದರೆ ಇನ್ನೊಂದು ಮಾತನ್ನು ನಾವು ಮರೆಯಬಾರದು. ಚಾಂಡಾಲರು ಸತ್ತವರ ಬಟ್ಟೆಯನ್ನೇ ಉಡಬೇಕೆಂದು ಮನುಸ್ಮೃತಿ ವಿಧಿಸಿತ್ತು. ಬಾಬಾಸಾಹೇಬರ ನೇತೃತ್ವದಲ್ಲಿ 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಅದನ್ನು ಸುಟ್ಟದ್ದು ಸುಮ್ಮನೆ ಅಲ್ಲ. ಅಸ್ಪೃಶ್ಯರೆಂದು ಗುರುತು ಹಿಡಿಯುವ ಉಡುಗೆ-ಆಭರಣ ಬಿಡಿ, ಸ್ವಚ್ಛವಾಗಿರಿ ಎಂದು ಅಲ್ಲಿಯೇ ಅವರು ಹೆಣ್ಣುಮಕ್ಕಳಿಗೆ ಹೇಳಿದರು.

ಹಾಗಾದರೆ ಚಿಂದಿ ಅವಮಾನವೋ, ಧಮ್ಮವೋ? ಉತ್ತರ ಜೀವಕನ ಪ್ರಸಂಗದಲ್ಲಿದೆ. ಅವನು ಕೇಳಿಕೊಂಡಾಗ ಭಗವಾನರು, ಬೇಕಾದವರು ಎಸೆದ ಬಟ್ಟೆಯ ಚೀವರ ಧರಿಸಲಿ, ಬೇಕಾದವರು ಗೃಹಸ್ಥರು ಕೊಟ್ಟದ್ದನ್ನು ಧರಿಸಲಿ ಎಂದರು. ಮನುವಿನದು ಬಲವಂತ, ಬುದ್ಧರದು ಆಯ್ಕೆ. ಬಟ್ಟೆ ಅದೇ, ಬದುಕು ಬೇರೆ.

ನನ್ನ ಅವ್ವನಿಗೆ ಆ ಸೀರೆಗಳು ಬಲವಂತದಿಂದ ಬಂದವು. ಹೊಲಿಗೆ ಮಾತ್ರ ಅವಳದೇ. "ಅರಿವಿ ಹರದ್ರ ಹರೀಲಿ, ದಾರ ಗಟ್ಟಿ ಇರಬೇಕು ನೋಡ್" ಅನ್ನುತ್ತಿದ್ದಳು. ನಾನು ನಾಚಬೇಕಾದದ್ದು ಕೂಲಿ ಕೊಡದವರ ಬಗ್ಗೆ, ಅವಳ ಕೈಕೆಲಸದ ಬಗ್ಗೆ ಅಲ್ಲ. ಇದು ತಿಳಿಯುವ ಹೊತ್ತಿಗೆ ಅವ್ವ ಇರಲಿಲ್ಲ. ಕೌದಿ ಇದೆ. ಈಗ ಹೊದೆಯುತ್ತೇನೆ.

ಇಂದಿನ ಅಭ್ಯಾಸ:
1. ಎಸೆಯಲು ಇಟ್ಟ ಒಂದು ಬಟ್ಟೆಗೆ ಇನ್ನೊಂದು ಉಪಯೋಗ ಹುಡುಕಿರಿ. ಸುಡಬೇಡಿ, ಗಟಾರಕ್ಕೆ ಹಾಕಬೇಡಿ.
2. ಕೌದಿ ಹೊಲಿಸಿದರೆ ಚೌಕಾಶಿ ಮಾಡಬೇಡಿ, ಪೂರ್ತಿ ಕೂಲಿಯನ್ನು ರೊಕ್ಕದಲ್ಲೇ ಕೊಡಿ. ಸಮ್ಮಾ ಆಜೀವ ಕೊಡುವವರಿಗೂ ಅನ್ವಯಿಸುತ್ತದೆ.
3. ಮನೆಯ ಹಿರಿಯರನ್ನು ಕೇಳಿ: ಈ ಕೌದಿಯಲ್ಲಿ ಯಾರ ಯಾರ ಸೀರೆ ಇದೆ? ಮಕ್ಕಳೂ ಕೇಳಿಸಿಕೊಳ್ಳಲಿ.

ಭವತು ಸಬ್ಬ ಮಂಗಲಂ 🙏